ಪೀರಸಾಬನ ದಿಂಬು

"ತಾ ಇಲ್ಲೆ ಅದನ್ನ. ತಾ ಅಂದ್ರ ತಾ!"

"ಕೊಡಂಗಿಲ್ಲ. ನನ್ನ ಮಗಾ ನನಗ ಬರದ ಕಾಗದ. ನಿನಗ್ಯಾಕ ಕೊಡಲಿ?"

"ನಾನೂ ನಿನ್ನ ಮಗಾನ ಅದೇನಿ. ಮರತಿದ್ರ ನೆನಪ ಮಾಡ್ತೇನಿ."

"ಎದುರಿಗೆ ನಿಂತು ಹಿಂಗ ಒದರಾಕ ಹತ್ತಿದ್ರ ಹೆಂಗ ಮರೀಲಿ! ಸರಿ ಆಕಡೆ. ಹತ್ತಿ ತುಳ್ಯಾಕ ಹತ್ತಿ ನೋಡು."

ಖಾಸಿಮಸಾಬ ಹತ್ತಿ ಹಿಂಜುವ ಬಿಲ್ಲನ್ನು ಗೋಡೆಗೆ ಆನಿಸಿ ಅವ್ವನ ಮುಂದೆ ಕೈಚಾಚಿ ನಿಂತಿದ್ದ. ಗಡ್ಡ, ಹುಬ್ಬು, ಕಿವಿಗಳ ಮೇಲೆಲ್ಲ ಹತ್ತಿಯ ನವಿರು ಕೂತು ನಲವತ್ತೈದಕ್ಕೇ ಎಪ್ಪತ್ತರ ಮುದುಕನ ಹಾಗೆ ಕಾಣುತ್ತಿದ್ದ. ಹುಸೇನಮಾ ಕಾಗದವನ್ನು ಕುಪ್ಪಸದೊಳಗೆ ಸೇರಿಸಿ, ಸೆರಗನ್ನು ಬಿಗಿಯಾಗಿ ಹೊದ್ದು, ಹತ್ತಿಯ ರಾಶಿಯ ಮುಂದೆ ಕಾಲು ಚಾಚಿ ಕೂತಿದ್ದಳು. ಬಾಯಿ ಜಗಳವಾಡುತ್ತಿದ್ದರೂ ಕೈ ತನ್ನ ಕೆಲಸ ಬಿಟ್ಟಿರಲಿಲ್ಲ. ಅರಳೆಯೊಳಗೆ ಬೆರಳಾಡಿಸಿ ಬೀಜದ ಚೂರು, ಎಲೆಯ ಕಸ, ಗಂಟು ಹುಡುಕಿ ತೆಗೆಯುವುದು ಅವಳ ಪಾಲಿನ ಕೆಲಸ. ಎರಡು ವರ್ಷದಿಂದ ಕಣ್ಣು ಮಂಜಾಗಿದ್ದವು. ಬೆರಳು ಮಾತ್ರ ಮಂಜಾಗಿರಲಿಲ್ಲ.

ಅದು ಐವತ್ನಾಲ್ಕನೆಯ ಇಸವಿಯ ನವೆಂಬರ. ಬೈಲಹೊಂಗಲದ ಪಿಂಜಾರ ಓಣಿಯಲ್ಲಿ ಅವರದು ಮೂರು ಅಂಕಣದ ಮನೆ. ಕಾಗದ ಕರಾಚಿಯಿಂದ ಬಂದದ್ದು. ಹುಸೇನಮಾನ ಕಿರಿಯ ಮಗ ರಾಜೇಸಾಬ ಮುಂಬಯಿಯ ಬಂದರಿನಲ್ಲಿ ಒಬ್ಬ ಅರಳೆ ವ್ಯಾಪಾರಿಯ ಹತ್ತಿರ ದುಡಿಯುತ್ತಿದ್ದ. ಏಳು ವರ್ಷದ ಹಿಂದೆ, ದೇಶ ಎರಡಾದ ಹೊತ್ತಿನಲ್ಲಿ, ಆ ಶೇಟ ತನ್ನ ಗಂಟುಮೂಟೆಯ ಜೊತೆ ಇವನನ್ನೂ ಹಡಗು ಹತ್ತಿಸಿಕೊಂಡು ಹೋದ. ಆರು ತಿಂಗಳ ಕೆಲಸ, ಮುಗಿದ ಮೇಲೆ ಬರುತ್ತೇನೆ ಅಂದವನು ಅಲ್ಲೇ ಉಳಿದ. ವರ್ಷಕ್ಕೆ ಮೂರು ಕಾಗದ ತಪ್ಪದೆ ಬರುತ್ತಿದ್ದವು. ಮೇಲೆ ಏಳುನೂರಾ ಎಂಬತ್ತಾರು ಎಂಬ ಅಂಕಿ, ಅಂದರೆ ಅಲ್ಲಾನ ಹೆಸರು. ಕೆಳಗೆ ಕನ್ನಡ ಸಾಲಿಯಲ್ಲಿ ಕಲಿತ ದುಂಡು ಅಕ್ಷರ. ಎದುರು ಮನೆಯ ಭಾಗೀರಥಿಬಾಯಿ ಓದಿ ಹೇಳುತ್ತಿದ್ದಳು. ಅವಳು ತೀರಿಹೋದ ಸಾಲಿ ಮಾಸ್ತರರ ಹೆಂಡತಿ, ಓಣಿಯ ಹೆಂಗಸರಲ್ಲಿ ಓದು ಬಲ್ಲವಳು ಅವಳೊಬ್ಬಳೇ. ಇದರಲ್ಲಿ ಗುಟ್ಟೇನೂ ಇರಲಿಲ್ಲ. ರಾಜೇಸಾಬನಿಗೆ ನೆಗಡಿ ಬಂದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು.

"ಯವ್ವಾ, ತಿಳಕೋ," ಖಾಸಿಮಸಾಬ ಧ್ವನಿ ಇಳಿಸಿದ. "ನಿನ್ನ ಮೊಮ್ಮಗ ಪೀರ್ಯಾನ ಕಾಗದ ಬಂದೈತಿ. ನೇವಿಯವರು ಅವನ್ನ ಕೊಚ್ಚಿನ್ನಕ್ಕ ಹಾಕ್ಯಾರಲ್ಲ, ವಾಯರಲೆಸ್ ಕಲಸಾಕ. ಅದು ಗುಟ್ಟಿನ ಕೆಲಸ. ಮನಿತನದ್ದು ಚೌಕಶಿ ಮಾಡ್ತಾರ. ಪೊಲೀಸರು ಬರತಾರ. ಕಾಕಾ ಕರಾಚಿಯೊಳಗ ಅದಾನಂತ ಗೊತ್ತಾದ್ರ ಹುಡುಗನ್ನ ಮನಿಗೆ ಕಳಸ್ತಾರ. ಈ ಕಾಗದ ನಿಲ್ಲಬೇಕು. ನೀನೂ ಬರಸಬ್ಯಾಡ, ಅವನಿಗೂ ಬರೀಬ್ಯಾಡ ಅಂತ ಹೇಳು. ಹುಡುಗನ ಚಾಕರಿ ಪಕ್ಕಾ ಆಗೂತನಾ."

"ಎಷ್ಟು ದಿನ?"

"ಎರಡು ವರ್ಷ... ಮೂರು ವರ್ಷ."

"ನಾ ಮೂರು ವರ್ಷ ಇರತೇನೇನ?"

"ಇರತಿ. ನಿನಗೇನಾಗೈತಿ?"

"ನೀ ಬರದುಕೊಡ್ತಿಯೇನ?" ಹುಸೇನಮಾ ಅರಳೆಯಿಂದ ಕೈ ತೆಗೆದಳು. "ಪೀರ್ಯಾನ ಭರತಿ ಕಾಗದಕ್ಕ ಸಹಿ ಮಾಡು ಅಂತ ನಿನ್ನ ಬೆನ್ನು ಹತ್ತಿದವರ್ಯಾರು? ನಾನು. ನೀನೂ ನಿನ್ನ ಹೇಂತಿನೂ ಮೂಲ್ಯಾಗ ಕುಂತು ಅಳತಿದ್ರಿ. ವಿಶಾಖಪಟ್ಟಣದಾಗ ನಾಕನೇ ತಿಂಗಳಿಗೆ 'ಕಾಲಾಗ ಗುಳ್ಳಿ ಎದ್ದಾವು, ಕರಕೊಂಡು ಹೋಗ್ರಿ' ಅಂತ ಬರದಾಗ ಗಂಟು ಕಟಗೊಂಡು ನಿಂತಾಂವ ನೀನು. 'ಓಡಿ ಬಂದ್ರ ಈ ಹೊಸ್ತಲಾ ದಾಟಬ್ಯಾಡ' ಅಂತ ಬರಸಿದಾಕಿ ನಾನು. ಆ ಹುಡುಗನ್ನ ಅಲ್ಲೆ ನಿಂದರಿಸಿದ್ದು ನಾನು. ಈಗ ನನ್ನ ಇನ್ನೊಬ್ಬ ಮಗನ್ನ ಬಿಡು ಅಂತೀಯಲ್ಲೋ!"

"ಬಿಡು ಅನ್ನಂಗಿಲ್ಲ. ಸುಮ್ಮನಿರು ಅಂತೇನಿ."

"ಒಲ್ಲೆ."

ಅಡುಗೆಮನೆಯ ಬಾಗಿಲಲ್ಲಿ ಸೊಸೆ ಅನ್ವರಬಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. "ಅತ್ತೀ, ಹುಡುಗನ ಅನ್ನದ ಮಾತು ಐತಿ," ಅಂದಳು ಮೆಲ್ಲಗೆ.

"ಇವನೂ ಹುಡುಗನ. ನಾ ಹಡದ ಹುಡುಗ. ರೊಟ್ಟಿ ಹೊತ್ತಾಕ ಹತ್ತ್ಯಾವು, ಹೋಗು."

ಖಾಸಿಮಸಾಬ ಬಿಲ್ಲು ಎತ್ತಿಕೊಂಡು ಹಿಂಜಲು ಕೂತ. ಆ ದಿನ ಬಿಲ್ಲಿನ ನಾರಿಯ ಟಣಟಣ ಓಣಿಯ ತುದಿಯವರೆಗೂ ಕೇಳಿತು.

*

ಆಮೇಲಿನ ಎಂಟು ದಿನ ಮನೆಯಲ್ಲಿ ಆ ಮಾತು ಬರಲಿಲ್ಲ. ಮಾತೆಲ್ಲ ಪೀರಸಾಬನದೇ. ಅವನಿಗೆ ಕಳಿಸಲು ಅನ್ವರಬಿ ಕಡಕ ರೊಟ್ಟಿ ಬಡಿದು ಅರಿವೆಯಲ್ಲಿ ಸುತ್ತಿದಳು. ಹುಸೇನಮಾ ಶೇಂಗಾದ ಚಟ್ನಿ ಕುಟ್ಟಿಕೊಟ್ಟಳು. ಡಬ್ಬಿಯ ಬಾಯಿಗೆ ಖಾಸಿಮಸಾಬ ಅರಳೆ ತುಂಬಿ ಮೇಲೆ ಅರಿವೆ ಹೊಲಿದ.

"ವಾಯರಲೆಸ್ ಅಂದ್ರ ಏನೋ?" ಹುಸೇನಮಾ ಕೇಳಿದಳು.

"ತಂತಿ ಇಲ್ಲದ ತಂತಿ. ಕಟಕಟ ಅಂತ ಬಡದ್ರ ಸಮುದ್ರದಾಗಿನ ಹಡಗಕ್ಕ ತಿಳೀತೈತಂತ."

"ನೀನೂ ಮೂವತ್ತು ವರ್ಷ ಟಣಟಣ ಬಡಿಯಾಕ ಹತ್ತಿ. ನಿನ್ನ ಯಾಕ ಕರೀಲಿಲ್ಲ ಅವರು?"

ಖಾಸಿಮಸಾಬ ನಕ್ಕ. ಎಂಟು ದಿನದಲ್ಲಿ ಅದೊಂದೇ ನಗು. ಮೊದಲ ತರಬೇತಿಗೆ ಹೋಗುವಾಗ ಅವನು ಮಗನಿಗೆಂದು ಹೊಸ ಅರಳೆಯ ಎರಡು ಮೊಳ ಅಗಲದ ಗಾದಿ ಹೊಲಿದು ಹೆಗಲ ಮೇಲೆ ಹೊರಿಸಿ ಕಳಿಸಿದ್ದ. ಪಿಂಜಾರರ ಹುಡುಗ ಬರಿ ನೆಲದ ಮೇಲೆ ಮಲಗಬಾರದು ಅಂತ ಅವನ ಹಟ. ಅಲ್ಲಿಯವರು ಗಾದಿಯನ್ನು ಒಳಗೆ ಬಿಡಲಿಲ್ಲ. ಎಲ್ಲರೂ ಹಗ್ಗಕ್ಕೆ ಕಟ್ಟಿದ ಜೋಲಿಯಲ್ಲೇ ಮಲಗಬೇಕಂತೆ. "ಹದಿನೇಳು ವರ್ಷದ ಕೋಣನ್ನ ತೊಟ್ಟಲದಾಗ ಹಾಕ್ಯಾರ!" ಎಂದು ಹುಸೇನಮಾ ಓಣಿಯವರ ಮುಂದೆ ಹೇಳಿಕೊಂಡು ನಕ್ಕಿದ್ದಳು. ಒಂದು ವರ್ಷ ಆ ಜೋಲಿಯಲ್ಲಿ ಮಲಗಿ, ಓಡಿ, ಈಜಿ, ಬಟ್ಟೆ ಒಗೆದು, ಹುಡುಗ ಪರೇಡು ಮುಗಿಸಿದ್ದ. ಅದರ ಫೋಟೋ ಗೋಡೆಗೆ ಬಂದಿತ್ತು. ಬಿಳಿ ಅಂಗಿ, ಬಿಳಿ ಟೊಪಗಿ. ಅವಳ ಕಣ್ಣಿಗೆ ಬೆಳ್ಳಗಿನ ಒಂದು ಮಚ್ಚೆ ಮಾತ್ರ ಕಾಣುತ್ತಿತ್ತು. ಆದರೂ ದಿನಾ ಸೆರಗಿನಿಂದ ಗಾಜು ಒರೆಸುತ್ತಿದ್ದಳು.

ಒಂಬತ್ತನೆಯ ದಿನ ಖಾಸಿಮಸಾಬ ಪೇಟೆಯಿಂದ ಮಧ್ಯಾಹ್ನವೇ ಬಂದ. ಹೊಸ್ತಿಲಲ್ಲೇ ಕೂತ. ಚಪ್ಪಲಿ ಬಿಡಲಿಲ್ಲ.

"ಯವ್ವಾ, ಕಾಗದ ಬಂದಿತ್ತು. ಕರಾಚಿಂದ."

"ಮೊನ್ನೆ ಬಂದಿತ್ತಲ್ಲ. ಮತ್ತ ಬಂತ?"

"ಅವನ ನೆರಮನ್ಯಾಂವ ಬರದಾನ. ರಾಜೇಸಾಬಗ ಜ್ವರಾ ಬಂದಿತ್ತಂತ. ಮೂರು ದಿನ..."

ಹುಸೇನಮಾನ ಬೆರಳು ಅರಳೆಯಲ್ಲಿ ನಿಂತವು. "ಓದು," ಅಂದಳು.

"ಹರದೆ. ಸಾವಿನ ಕಾಗದ ಮನ್ಯಾಗ ತರಬಾರದಂತ ಟಪಾಲ ಕಚೇರಿ ಮುಂದನ ಹರದು ಹಾಕಿದೆ."

ಅದು ಸರಿ. ಆ ಸೀಮೆಯಲ್ಲಿ ಸಾವಿನ ಸುದ್ದಿಯ ಕಾಗದವನ್ನು ಯಾರೂ ಮನೆಯೊಳಗೆ ಇಡುವುದಿಲ್ಲ, ಓದಿದ ಕೈಯಲ್ಲೇ ಹರಿದು ಹಾಕುತ್ತಾರೆ. ಹುಸೇನಮಾ ಒಂದು ಮಾತೂ ಮರಳಿ ಕೇಳಲಿಲ್ಲ. ಎರಡೂ ಕೈಯಿಂದ ಎದೆ ಬಡಿದುಕೊಂಡಳು. ಓಣಿಯ ಹೆಂಗಸರು ಬಂದು ಹಿಡಿದುಕೊಳ್ಳುವವರೆಗೂ ಬಡಿದುಕೊಂಡಳು. ಅನ್ವರಬಿ ಹಿಡಿಯಲು ಬರಲಿಲ್ಲ. ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತವಳು ಕೂತೇ ಇದ್ದಳು. ಮೈದುನನ ಮೇಲೆ ಭಾಳ ಜೀವ ಪಾಪ, ಅಂದರು ಬಂದವರು.

ಭಾಗೀರಥಿಬಾಯಿ ಅಂಗಳದಲ್ಲೇ ನಿಂತು, "ಹುಸೇನಮಾ, ಅಳು. ಅತ್ತುಬಿಡು. ನನ್ನ ಮಗಾ ಹೋದಾಗ ನಾ ಅಳಲಿಲ್ಲ, ಅದು ಒಳಗ ಕೂತುಬಿಟ್ಟದ," ಅಂದಳು.

ಹದಿನೈದು ದಿನಕ್ಕೆ ಪೀರಸಾಬನ ಕಾಗದ ಬಂತು. ಈ ಸಲ ಅಜ್ಜಿಯ ಹೆಸರಿಗೇ ಬರೆದಿದ್ದ. "ಆಯಿ, ಕಾಕಾನ ಸುದ್ದಿ ತಿಳಿದು ಭಾಳ ದುಃಖ ಆತು. ನೀ ಊಟಾ ಬಿಡಬ್ಯಾಡ. ನಾ ಇಲ್ಲಿ ಚಲೋ ಕಲಿಯಾಕ ಹತ್ತೇನಿ." ಹುಸೇನಮಾ ಅದನ್ನು ಮೂರು ಸಲ ಓದಿಸಿದಳು. "ದೂರ ಇದ್ದರೂ ಕೂಸಿಗೆ ನನ್ನ ಕಾಳಜಿ ಐತಿ ನೋಡ್ರಿ," ಅಂದಳು.

ಡಿಸೆಂಬರದ ಕೊನೆಗೆ ನಲವತ್ತನೆಯ ದಿನದ ಫಾತೇಹಾ ಬಂತು. ಸತ್ತವರಿಗೆ ಸೇರುವ ತಿನಿಸು ಮಾಡಿ, ಮುಂದಿಟ್ಟು, ಮುಲ್ಲಾನಿಂದ ಓದಿಸಿ, ಜನರಿಗೆ ಉಣಿಸುವ ದಿನ. ರಾಜೇಸಾಬನಿಗೆ ಶೇಂಗಾದ ಹೋಳಿಗೆ ಅಂದರೆ ಪ್ರಾಣ. ಬೆಳಗಿನಿಂದ ಹುಸೇನಮಾ ಯಾರಿಗೂ ಒಲೆ ಬಿಟ್ಟುಕೊಡಲಿಲ್ಲ. ಶೇಂಗಾ ತಾನೇ ಹುರಿದಳು, ತಾನೇ ಕುಟ್ಟಿದಳು, ಬೆಲ್ಲ ತಾನೇ ಹೆರೆದಳು. ಚಪಾತಿಯ ಪುಡಿಗೆ ಬೆಲ್ಲ ಕಲಸಿದ ಮಾಲದಿಯ ಉಂಡೆಯನ್ನೂ ತಾನೇ ಕಟ್ಟಿದಳು. "ಅವನಿಗೆ ಅಂಚು ಕರಕಾಗಿರಬೇಕು," ಎಂದು ಒಂದೊಂದು ಹೋಳಿಗೆಯನ್ನೂ ತವೆಯ ಮೇಲೆ ಇನ್ನೊಂದು ಗಳಿಗೆ ಬಿಟ್ಟಳು. ಅನ್ವರಬಿ ಬೇಳೆಗೆ ಎರಡು ಸಲ ಉಪ್ಪು ಹಾಕಿದಳು. ಹುಸೇನಮಾ ಬೈದರೆ ಕಣ್ಣು ಒರೆಸಿಕೊಂಡಳು.

ಊಟದ ಹೊತ್ತಿಗೆ ಪೊಲೀಸ ಮಹಾಂತಪ್ಪ ಕೈಯಲ್ಲಿ ಒಂದು ಕಾಗದ ಹಿಡಿದು ಬಂದ. ಖಾಸಿಮಸಾಬ ಅವನನ್ನು ಒಳಗೆ ಕರೆದು ಕೂರಿಸಿದ.

"ನಿಮ್ಮ ಪೀರಸಾಬನ ಚೌಕಶಿ ಬಂದೈತ್ರಿ," ಅಂದ ಮಹಾಂತಪ್ಪ. "ಕಾಕಾ ಒಬ್ಬಾಂವ ಇದ್ದನಂತಲ್ಲ?"

"ಇದ್ದ. ಇವತ್ತ ಅವನ ನಲವತ್ತು," ಅಂದ ಖಾಸಿಮಸಾಬ.

ಮಹಾಂತಪ್ಪ ಅತ್ತಿತ್ತ ನೋಡಿದ. ಲೋಬಾನದ ಹೊಗೆ, ಓದುವ ಮುಲ್ಲಾ, ಮೂಲೆಯಲ್ಲಿ ಕಣ್ಣು ಬಾತ ಮುದುಕಿ. ಇನ್ನೇನು ಕೇಳುವುದು? ಬರೆದುಕೊಂಡ. ಹುಸೇನಮಾ ತಾನೇ ಎದ್ದು ಅವನ ಎಲೆಗೆ ಎರಡು ಹೋಳಿಗೆ ಹಾಕಿದಳು. "ಉಣ್ಣೋ ಯಪ್ಪಾ. ನನ್ನ ಮಗನ ಹೆಸರಲೆ ಹೊಟ್ಟಿ ತುಂಬ ಉಣ್ಣು," ಅಂದಳು.

*

ಅದಾದ ಮೇಲೆ ಮನೆ ಸುಮ್ಮನಾಯಿತು. ಹೊಸ ಹತ್ತಿಯ ಗಾಡಿಗಳು ಪೇಟೆಗೆ ಬರತೊಡಗಿದವು, ಸಂಪಗಾಂವದ ಕಡೆಯಿಂದ, ಕಿತ್ತೂರಿನ ಕಡೆಯಿಂದ. ಖಾಸಿಮಸಾಬನಿಗೆ ಕೈತುಂಬ ಕೆಲಸ. ಪೀರಸಾಬನಿಗೆ ತಿಂಗಳಿಗೊಂದು ಡಬ್ಬಿ ಹೋಗುತ್ತಿತ್ತು. ಹೆಸರಿನ ಉಂಡೆ, ಒಣ ಚಟ್ನಿ, ಒಂದು ಸಲ ಉಣ್ಣೆಯ ಬನಿಯನ್ನು. ಅದಕ್ಕೆ ಹುಡುಗ "ಇಲ್ಲಿ ಚಳಿನ ಇಲ್ಲ, ಅಪ್ಪಾ, ಬೆವರು ಇಳಿದು ಸಾಯಾಕ ಹತ್ತೇನಿ" ಎಂದು ಬರೆದ.

ಫೆಬ್ರವರಿಯಲ್ಲಿ ಒಂದು ದಿನ ಗಂಡ ಹೆಂಡತಿ ಹಿತ್ತಲಲ್ಲಿ ಗುಸುಗುಸು ಜಗಳವಾಡಿದರು. ಹುಸೇನಮಾನಿಗೆ "ಸುಡು" ಅನ್ನುವ ಮಾತು ಒಂದು ಸಲ ಕೇಳಿಸಿತು. ಏನು ಸುಡಬೇಕಂತ, ಎಂದು ಕೇಳಿದಳು. "ಕಸಾ," ಅಂದ ಖಾಸಿಮಸಾಬ. ಅದೇ ವಾರ ಅನ್ವರಬಿ ಹೊಸ ಅರಳೆ ತುಂಬಿ ಒಂದು ತಲೆದಿಂಬು ಹೊಲಿದಳು.

"ಯಾರಿಗೆ?"

"ಪೀರಾಗ. ಸೂಟಿ ಮ್ಯಾಲ ಬಂದಾಗ ಬೇಕಲ್ಲ."

ದಿಂಬನ್ನು ಬಿಳಿ ಅರಿವೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಳು. ತಿಂಗಳುಗಟ್ಟಲೆ ಮುಂಚೆ ದಿಂಬು ಹೊಲಿಯುವವರುಂಟೆ? ತಾಯಿಯ ಕರುಳು ಅಂದುಕೊಂಡಳು ಹುಸೇನಮಾ.

ಮಾರ್ಚದ ಕೊನೆಯ ವಾರ ಸುದ್ದಿ ಬಂತು. ಅರ್ಧ ತರಬೇತಿ ಮುಗಿದಿದೆ, ಹದಿನೈದು ದಿನದ ಸೂಟಿ, ಶುಕ್ರವಾರ ಮುಟ್ಟುತ್ತೇನೆ. ಅನ್ವರಬಿ ಅರಿವೆ ಒಗೆಯಲು ಕೆರೆಗೆ ಹೋದಳು, ಖಾಸಿಮಸಾಬ ಗಾದಿ ಮುಟ್ಟಿಸಲು ಪೇಟೆಗೆ ಹೋದ. ಹುಸೇನಮಾ ಕೋಲಿನಿಂದ ಅಟ್ಟದ ಮೇಲಿನ ದಿಂಬನ್ನು ಕೆಳಗೆ ಕೆಡವಿದಳು. ಒಂದೂವರೆ ತಿಂಗಳು ಇಟ್ಟ ಅರಳೆ ಕೂತುಬಿಟ್ಟಿರುತ್ತದೆ, ಸ್ವಲ್ಪ ಬಡಿದು ಬಿಡಿಸಿಟ್ಟರೆ ಹುಡುಗನ ಕುತ್ತಿಗೆಗೆ ಮೆತ್ತಗಾಗುತ್ತದೆ ಅಂತ ಅವಳ ಲೆಕ್ಕ. ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಚುಕಿದಳು.

ಬೆರಳು ನಿಂತವು. ಬೀಜವಲ್ಲ, ಗಂಟಲ್ಲ, ಎಲೆಯ ಕಸವಲ್ಲ. ನಾಲ್ಕು ಮೂಲೆ ಇದ್ದ ಏನೋ. ಹಿಚುಕಿದರೆ ಸಣ್ಣಗೆ ಸದ್ದು ಮಾಡುವಂಥದು.

ಹೊಲಿಗೆ ಬಿಚ್ಚಿ ಕೈಹಾಕಿದಳು. ಅರಳೆಯ ನಟ್ಟನಡುವೆ ಒಂದು ಲಕೋಟೆ. ಒಳಗಿನ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದಳು. ಓದು ಬಾರದಿದ್ದರೂ ತಲೆಯ ಮೇಲಿನ ಮೂರು ಅಂಕಿ ಅವಳಿಗೆ ಗೊತ್ತು. ಏಳರ ಬಾಲವನ್ನು ಅಷ್ಟು ಉದ್ದ ಎಳೆಯುವವನು ಒಬ್ಬನೇ. ಕಾಗದವನ್ನು ಕಣ್ಣಿಗೆ ಒತ್ತಿಕೊಂಡಳು. ಹಳೆಯ ಕಾಗದವಿರಬೇಕು, ಸಾಯುವ ಮುಂಚಿನದು. ನಾನು ಅಳುತ್ತೇನೆಂದು ಮುಚ್ಚಿಟ್ಟಿದ್ದಾರೆ. ಹೀಗಂದುಕೊಂಡೇ ಎದುರು ಮನೆಗೆ ಹೋದಳು.

ಭಾಗೀರಥಿಬಾಯಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಕಣ್ಣಾಡಿಸಿದಳು. ಮತ್ತೆ ಮೇಲಿನಿಂದ ನೋಡಿದಳು.

"ಎಲ್ಲಿತ್ತು ಇದು?"

"ಪೀರ್ಯಾನ ದಿಂಬಿನ್ಯಾಗ. ಓದ್ರಿ."

"ಹುಸೇನಮಾ, ಇದನ್ನ ಖಾಸಿಮಸಾಬನ ಕಡೆ ಓದಿಸಿಕೋ."

"ಬಾಯಾರ, ಏಳು ವರ್ಷ ಓದೀರಿ. ಇವತ್ತೇನು ಬಂತು? ಓದ್ರಿ!"

ಭಾಗೀರಥಿಬಾಯಿ ಓದಿದಳು. ಅವಳ ದನಿ ಬಾವಿಯೊಳಗಿಂದ ಬಂದಂತಿತ್ತು.

"ಕರಾಚಿ, ಜನವರಿ ಮೂವತ್ತು. ಅಣ್ಣ ಖಾಸಿಮಸಾಬನಿಗೆ ಸಲಾಮು. ಅವ್ವ ತೀರಿಕೊಂಡಳು ಅಂತ ನೀ ಬರೆದ ಕಾಗದ ಮುಟ್ಟಿತು. ತಿರುಗಿ ಬರೆಯಲು ಇಷ್ಟು ದಿನ ಕೈ ಏಳಲಿಲ್ಲ. ಇಲ್ಲಿ ಅವ್ವನ ನಲವತ್ತರ ಫಾತೇಹಾ ಮಾಡಿದೆ. ಅವ್ವಗ ಸೇರೂದು ಏನಾದರೂ ಇಡಬೇಕು ಅಂತ ಕೂತೆ, ಏನು ಸೇರತಿತ್ತು ಅಂತ ನನಗ ಗೊತ್ತಾಗಲಿಲ್ಲ. ನಮಗ ಬಡಸೂದು ನೋಡೇನಿ, ತಾನು ಉಣ್ಣೂದು ನಾ ನೋಡಿಲ್ಲ. ಕಡೀಕ ಒಂದು ಕಪ್ಪು ಚಹಾ ಇಟ್ಟೆ. ಅವ್ವ ಇಲ್ಲದ ಮ್ಯಾಲೆ ಕಾಗದ ಬರೀಬ್ಯಾಡ ಅಂತ ನೀ ಬರದೀ. ಆಗಲಿ. ನನಗೂ ಇನ್ನ ಅಲ್ಲಿ ಯಾರು ಅದಾರ. ಇದು ಕಡೀ ಕಾಗದ."

ಅಕ್ಕಿಯ ಮೊರದ ಮೇಲೆ ಗುಬ್ಬಿ ಬಂದು ಕೂತಿತು. ಇಬ್ಬರೂ ಓಡಿಸಲಿಲ್ಲ.

"ಜನವರಿ ಮೂವತ್ತು ಅಂದ್ರಿ?"

"ಹೌದು."

"ನಾವು ಅವನ ನಲವತ್ತು ಮಾಡಿದ್ದು?"

"ಡಿಸೆಂಬರದಾಗ."

"ಅಂದ್ರ ಅವ ಅದಾನ."

"ಅದಾನ," ಅಂದಳು ಭಾಗೀರಥಿಬಾಯಿ. "ಅಲ್ಲೆ ನೀ ಇಲ್ಲ."

ಹುಸೇನಮಾ ಅಳಲಿಲ್ಲ. ಕಾಗದವನ್ನು ಇಸಿದುಕೊಂಡು ಮನೆಗೆ ಬಂದಳು. ಚೆಲ್ಲಿದ ಅರಳೆಯನ್ನು ಒಂದು ಎಳೆ ಬಿಡದೆ ದಿಂಬಿಗೆ ತುಂಬಿದಳು. ಬಾಯಿ ಹೊಲಿದಳು. ಅಟ್ಟದ ಮೇಲೆ ಎಸೆದಳು. ಶುಕ್ರವಾರಕ್ಕೆ ಇನ್ನೂ ಎರಡು ದಿನ. ಹುಟ್ಟಿದಾಗಿನಿಂದ ಒಂದು ಬೈಗುಳವನ್ನೂ ಒಂದು ಗಳಿಗೆ ಬಾಯಲ್ಲಿ ಇಟ್ಟುಕೊಂಡವಳಲ್ಲ. ಈಗ ಎರಡು ದಿನ ಇಟ್ಟುಕೊಂಡಳು. ಇವರಿಬ್ಬರದು ಗೊತ್ತಾಯಿತು. ಹುಡುಗನಿಗೆ ಗೊತ್ತಿತ್ತೋ ಇಲ್ಲವೋ, ಅದೊಂದು ಅವನ ಬಾಯಿಂದ ಕೇಳಬೇಕಿತ್ತು. ಅವನಿಗೆ ಗೊತ್ತಿಲ್ಲದಿದ್ದರೆ ಈ ಮನೆಯಲ್ಲಿ ಇರಲು ಒಂದು ಜಾಗ ಉಳಿಯುತ್ತಿತ್ತು.

ಮರುದಿನ ಅನ್ವರಬಿ ದಿಂಬನ್ನು ಬಿಸಿಲಿಗೆ ಹಾಕಲು ಇಳಿಸಿದಳು. ಅಂಚಿನ ಹೊಲಿಗೆ ನೋಡಿದಳು. ಅದು ಅವಳ ಹೊಲಿಗೆಯಲ್ಲ. ಅತ್ತೆಯ ಕಡೆ ನೋಡಿದಳು. ಹುಸೇನಮಾ ಅರಳೆ ಬಿಡಿಸುತ್ತಿದ್ದಳು. ಅನ್ವರಬಿ ದಿಂಬನ್ನು ಎದೆಗೆ ಅವಚಿಕೊಂಡು ಒಳಗೆ ಹೋದಳು. ಗಂಡನಿಗೂ ಹೇಳಲಿಲ್ಲ.

*

ಪೀರಸಾಬ ಬಿಳಿ ಬಟ್ಟೆಯಲ್ಲೇ ಬಸ್ಸಿಳಿದ. ಓಣಿಯ ಹುಡುಗರು ಹಿಂದೆ ಹಿಂದೆ ಬಂದರು. ಬಂದವನು ಆಯಿಯ ಕಾಲು ಮುಟ್ಟಿದ. ಅವಳು ಅವನ ಮುಖ, ಹೆಗಲು, ತೋಳು ಸವರಿ ನೋಡಿದಳು. ಗಟ್ಟಿಯಾಗಿದ್ದ. ಅಂಗೈಯಲ್ಲಿ ಹಗ್ಗದ ಗೀರುಗಳು.

ಮಧ್ಯಾಹ್ನದ ನಮಾಜು ಮುಗಿಸಿ ಬಂದು ಊಟಕ್ಕೆ ಕೂತರು. ಕೋಳಿಯ ಸಾರು, ಜೋಳದ ರೊಟ್ಟಿ, ಶೇಂಗಾದ ಹೋಳಿಗೆ. ಖಾಸಿಮಸಾಬನ ಸಂತೋಷಕ್ಕೆ ಮೇರೆ ಇರಲಿಲ್ಲ. "ಇನ್ನ ಆರು ತಿಂಗಳು. ಆಮ್ಯಾಲ ಇವ ಹಡಗ ಹತ್ತಾಂವ," ಅನ್ನುತ್ತ ಮಗನ ತಾಟಿಗೆ ತುಂಡು ಹಾಕುತ್ತಿದ್ದ. ಅನ್ವರಬಿ ಅತ್ತೆಯ ಮುಂದೆಯೂ ತಾಟು ಇಟ್ಟು ಹೋಳಿಗೆ ಬಡಿಸಿದಳು.

"ನನಗ್ಯಾಕ ತಾಟು?" ಅಂದಳು ಹುಸೇನಮಾ. "ಸತ್ತವರು ಉಣ್ಣಂಗಿಲ್ಲ."

ಖಾಸಿಮಸಾಬ ನಕ್ಕ. "ಏನು ಚ್ಯಾಷ್ಟಿ ಹಚ್ಚಿ ಯವ್ವಾ."

"ಪೀರಾ," ಅಂದಳು ಹುಸೇನಮಾ, "ನಿನ್ನ ಕಾಕಾ ಯಾವಾಗ ಸತ್ತ?"

ಹುಡುಗನ ಕೈ ರೊಟ್ಟಿಯ ಮೇಲೆ ನಿಂತಿತು. "ನವೆಂಬರದಾಗ, ಆಯಿ. ಅಪ್ಪಾ ಬರದಿದ್ನಲ್ಲ."

"ಅಪ್ಪಾ ನಿನಗ ಬರದ್ನೋ, ನೀ ಅಪ್ಪಗ ಬರದ್ಯೋ?"

ಹುಸೇನಮಾ ಕುಪ್ಪಸದೊಳಗಿಂದ ಕಾಗದ ತೆಗೆದು ಮೊದಲು ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ಎತ್ತಿ ಹಿಡಿದಳು. ಖಾಸಿಮಸಾಬ ಹೆಂಡತಿಯ ಕಡೆ ಹೊರಳಿದ.

"ಸುಡು ಅಂತ ಹೇಳಿದ್ದೆ ನಿನಗ!"

"ಮ್ಯಾಲ ಅಲ್ಲಾನ ಹೆಸರಿತ್ತು," ಅನ್ವರಬಿ ಅಳುತ್ತ ಅಂದಳು. "ಹೆಂಗ ಸುಡಲಿ? ಕಾಲಾಗ ಬೀಳಬಾರದು, ನೀರಾಗ ಒಗದ್ರ ಯಾರರೆ ತೆಗೀತಾರ. ತೆಲಿ ಇಡೂ ಜಾಗಾದಾಗ ಇಟ್ಟೆ."

"ಕಾಗದಾ ಸುಡಾಕ ಅಂಜಿದಿ," ಅಂದಳು ಹುಸೇನಮಾ. "ನನ್ನ ಸುಡಾಕ ಅಂಜಲಿಲ್ಲ. ಹೇಳೋ ಪೀರಾ."

ಪೀರಸಾಬ ತಲೆ ತಗ್ಗಿಸಿ ಹೇಳಿದ. ಕೊಚ್ಚಿನ್ನಿಗೆ ಹೋದ ಮೊದಲ ವಾರವೇ ಒಂದು ಅರ್ಜಿ ತುಂಬಿಸಿದರು. ಅಪ್ಪನ ಅಣ್ಣತಮ್ಮಂದಿರು ಎಲ್ಲಿದ್ದಾರೆ ಅಂತ ಕೇಳಿತ್ತು. ಹೆದರಿಕೆಯಾಯಿತು. ತಮ್ಮ ಒಬ್ಬ, ತೀರಿಕೊಂಡಿದ್ದಾನೆ ಅಂತ ಬರೆದುಬಿಟ್ಟ. ಆಮೇಲೆ ಚೌಕಶಿ ಊರಿಗೂ ಬರುತ್ತದೆ ಅಂತ ಗೊತ್ತಾಯಿತು. ಅಪ್ಪನಿಗೆ ಬರೆದ.

"ಅಂದ್ರ ಮೊದಲ ಕೊಂದಾಂವ ನೀನು. ಆಮ್ಯಾಲ 'ಆಯಿ, ಊಟಾ ಬಿಡಬ್ಯಾಡ' ಅಂತ ನನಗ ಬರದಾಂವನೂ ನೀನು. ಅದನ್ನ ಮೂರು ಸಲ ಓದಿಸಿದೆ ನಾನು."

"ಆಯಿ, ಖರೇ ಬರದಿದ್ರ ಹೊರಗ ಹಾಕತಿದ್ರು ಅಂತ..."

"ಯಾರನ್ನರೆ ಹೊರಗ ಹಾಕ್ಯಾರೇನು?"

ಹುಡುಗ ರೊಟ್ಟಿಯನ್ನು ಚೂರು ಚೂರು ಮುರಿಯತೊಡಗಿದ.

"ಬಾಯಿ ಬಿಡು."

"ನಮ್ಮ ತುಕಡ್ಯಾಗ ಒಬ್ಬಾಂವ ಇದ್ದ. ಲಾಹೋರದಾಗ ಖಾಸ ಅಣ್ಣ ಅದಾನಂತ ಬರದಿದ್ದ."

"ಅವನ್ನ ಕಳಿಸಿದ್ರ?"

"ಇಲ್ಲ. ಕರದು ಕೇಳಿದ್ರು. ತೊಗೊಂಡ್ರು. ನನ್ನ ಬಾಜೂಕ ಮಲಗತಾನ."

ಖಾಸಿಮಸಾಬ ತಾಟು ಸರಿಸಿ ಎದ್ದ. "ಅದು ನನಗ ಹೆಂಗ ಗೊತ್ತಾಗಬೇಕು? ನಾ ಏನು ಹಡಗಿನ ಸಾಹೇಬನೇನು? ಮಗನ ಅನ್ನ ಹೋಗತೈತಿ ಅಂತ ಮಾಡಿದೆ. ನಿನಗ ಮೊದಲ ಕೇಳಿದೆ, ಯವ್ವಾ! ಕೈ ಮುಗದು ಕೇಳಿದೆ. ಒಲ್ಲೆ ಅಂದಿ!"

"ಒಲ್ಲೆ ಅಂದೆ. ಮತ್ತ ಕೇಳಬೇಕಿತ್ತು. ಬೈಬೇಕಿತ್ತು, ಕದಾ ಹಾಕಿ ಕೂಡಿಸಬೇಕಿತ್ತು. ನನ್ನ ಕೈಲೆ ಅವನ ಸಾವಿನ ಹೋಳಿಗಿ ಮಾಡಿಸಬಾರದಿತ್ತು. ಅಂಚು ಕರಕಾಗಲಿ ಅಂತ ತವಾದ ಮುಂದ ನಿಂತಿದ್ದೆನಲ್ಲೋ, ನೋಡಾಕ ಹತ್ತಿದ್ದಿ. ಮಹಾಂತಪ್ಪಗ ಬಡಿಸಿದೆ. ಆಗರೆ ಒಂದು ಮಾತು ಹೇಳಬಾರದಿತ್ತ? ಹೋಗಲಿ. ಅವನಿಗೆ ನಾ ಸತ್ತೆ ಅಂತ ಯಾಕ ಬರದಿ?"

"ಅವನ ಕಾಗದ ನಿಲ್ಲಬೇಕಿತ್ತು."

"ನಿಂತಾವು." ಹುಸೇನಮಾ ಕೋಲು ಹಿಡಿದು ಎದ್ದಳು. "ಅವನು ನನ್ನ ಫಾತೇಹಾಕ್ಕ ಚಹಾ ಇಟ್ಟಾನ. ನನಗೇನು ಸೇರತೈತಿ ಅಂತ ಅವನಿಗೆ ಗೊತ್ತಿಲ್ಲಂತ. ನಿಮಗ ಗೊತ್ತೈತೇನು? ಹೇಳ್ರಿ. ನಲವತ್ತೈದು ವರ್ಷ ಒಂದ ಮನ್ಯಾಗ ಉಂಡೀರಿ."

ಖಾಸಿಮಸಾಬ ಮಗನ ಕಡೆ ನೋಡಿದ. ಮಗ ತಾಯಿಯ ಕಡೆ ನೋಡಿದ. ತಾಟಿನ ಹೋಳಿಗೆಯ ಮೇಲೆ ನೊಣ ಕೂತಿತ್ತು.

ಹುಸೇನಮಾ ಗೂಟಕ್ಕಿದ್ದ ಒಂದು ಸೀರೆ, ಒಂದು ಕೌದಿ ತೆಗೆದು ಗಂಟು ಕಟ್ಟಿದಳು. ಅನ್ವರಬಿ ಬಾಗಿಲಿಗೆ ಅಡ್ಡ ನಿಂತಳು. "ಅತ್ತೀ, ನನ್ನ ಹೊಡೀರಿ. ಹೋಗಬ್ಯಾಡ್ರಿ."

"ಸರಿ ಆಕಡೆ. ಅಂಜಬ್ಯಾಡ್ರಿ, ಪೊಲೀಸರ ಕಡೆ ಹೋಗಂಗಿಲ್ಲ. ಅವನ ಚಾಕರಿ ಅವನಿಗಿರಲಿ. ಖಾಸಿಮಸಾಬನ ಅವ್ವ ಸತ್ತಾಳ, ನೀವು ಬರದದ್ದು ಖರೇನ ಇರಲಿ. ನಾ ಮುನವಳ್ಳಿ ಬಾಬಾಸಾಬನ ಮಗಳು."

"ಆಯಿ, ಬಿಸಲು ಭಾಳ ಐತಿ," ಅಂದ ಪೀರಸಾಬ. ಎಂಜಲು ಕೈಯಲ್ಲೇ ಹೊಸ್ತಿಲವರೆಗೆ ಬಂದಿದ್ದ. ಅವಳು ತಿರುಗಿ ನೋಡಲಿಲ್ಲ. ಬಿಳಿ ಬಟ್ಟೆಯ ಮೊಮ್ಮಗ ಅವಳ ಕಣ್ಣಿಗೆ ಹೇಗೂ ಬೆಳ್ಳಗಿನ ಒಂದು ಮಚ್ಚೆಯೇ.

ಎದುರು ಕಟ್ಟೆಯ ಮೇಲೆ ಕೂತು ಭಾಗೀರಥಿಬಾಯಿಯಿಂದ ರಾಜೇಸಾಬನಿಗೆ ಕಾಗದ ಬರೆಸಿದಳು. "ನಿನ್ನ ವಿಳಾಸ ಏನು ಬರೀಲಿ?" ಅಂದಳು ಅವಳು.

"ಮುನವಳ್ಳಿದು ಬರೀರಿ. ನನ್ನ ತಮ್ಮನ ಮನಿ. ಖಾಸಿಮಸಾಬನ ಹೆಸರು ಬ್ಯಾಡ, ಪೀರ್ಯಾನ ಹೆಸರೂ ಬ್ಯಾಡ. ಹುಡುಗಗ ತ್ರಾಸ ಆದೀತು."

"ಒಳಗೇನು ಬರೀಲಿ?"

ಹುಸೇನಮಾ ಕೋಲಿನ ತುದಿಯಿಂದ ನೆಲ ಗೀರಿದಳು. "ನನಗ ಚಹಾ ಸೇರಂಗಿಲ್ಲ ಅಂತ ಬರೀರಿ. ಹಾಲಿನ ಗಡಗಿ ತಳಕ್ಕ ಹತ್ತಿದ್ದ ಕರಕು, ಅದರ ಮ್ಯಾಲ ಬೆಲ್ಲದ ಪುಡಿ. ಅದು ಸೇರತೈತಿ. ಎಲ್ಲಾರೂ ಉಂಡ ಮ್ಯಾಲ ಕೆರಕೊಂಡು ತಿನ್ನತಿದ್ದೆ, ಅದಕ್ಕ ಯಾರೂ ನೋಡಿಲ್ಲ. ಇಷ್ಟ ಬರೀರಿ. ಇದು ಬೇರೆ ಯಾರಿಗೂ ಗೊತ್ತಿಲ್ಲ. ನಾನ ಬರಸೇನಿ ಅಂತ ಅವನಿಗೆ ತಿಳೀತೈತಿ."

ಬರೆದು ಮುಗಿಸಿ ಭಾಗೀರಥಿಬಾಯಿ ಕನ್ನಡಕ ತೆಗೆದಳು. "ಮತ್ತ ಯಾವಾಗ ಬರ್ತಿ?"

ಹುಸೇನಮಾ ಕಾಗದವನ್ನು ಕುಪ್ಪಸಕ್ಕೆ ಸೇರಿಸಿ, ಗಂಟನ್ನು ತಲೆಯ ಮೇಲಿಟ್ಟುಕೊಂಡು ಬಸ್ಸಿನ ಕಡೆ ನಡೆದಳು.

ಅವಳ ತಾಟಿನ ಮೇಲೆ ಅನ್ವರಬಿ ಬುಟ್ಟಿ ಮುಚ್ಚಿಟ್ಟಿದ್ದಳು. ಮರುದಿನ ಬೆಳಿಗ್ಗೆ ತೆಗೆದು ಕೋಳಿಗೆ ಹಾಕಿದಳು. ಪೀರಸಾಬ ಇದ್ದ ಹದಿನೈದು ದಿನವೂ ಆ ದಿಂಬಿನ ಮೇಲೆ ತಲೆ ಇಡಲಿಲ್ಲ. ಮಳೆಗಾಲದ ಮುಂಚೆ ಖಾಸಿಮಸಾಬ ಎರಡು ಸಲ ಮುನವಳ್ಳಿಗೆ ಹೋದ. ಎರಡು ಸಲವೂ ಒಬ್ಬನೇ ಬಂದ.